ಸಿಸ್ಟಂ ಮಾನಿಟರಿಂಗ್ ಟೂಲ್‌ನಲ್ಲಿ ಮೆಮೊರಿ ಸೋರಿಕೆ ಪತ್ತೆ ಹಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಗ್ರಾಂ ತಾನು ಪಡೆದ ಮೆಮೊರಿಯನ್ನು ಕೆಲಸ ಮುಗಿದಮೇಲೂ ಬಿಡದೆ ಹಿಡಿದುಕೊಂಡೇ ಹೋಗುವುದು ಮೆಮೊರಿ ಸೋರಿಕೆ, ಅಂದರೆ ಲೀಕ್. ಇಲ್ಲಿರುವ ಉತ್ತರಗಳು ಹೆಚ್ಚಾಗಿ ಲಿನಕ್ಸ್ ಮೇಲೆ, ಸಿ ಅಥವಾ ಸಿ++ನಲ್ಲಿ ಬರೆದ, ವಾರಗಟ್ಟಲೆ ತಿಂಗಳುಗಟ್ಟಲೆ ನಿಲ್ಲದೆ ಓಡುವ ಮಾನಿಟರಿಂಗ್ ಏಜೆಂಟ್‌ಗಳನ್ನು (ಯಂತ್ರದ ಸ್ಥಿತಿಯನ್ನು ಹಿನ್ನೆಲೆಯಲ್ಲಿ ಅಳೆಯುವ ಪ್ರೋಗ್ರಾಂಗಳನ್ನು) ಕುರಿತವು. ಗೋ ಮತ್ತು ಪೈಥಾನ್ ಬಳಸುವವರಿಗೆ ಕೆಳಗೆ ಬೇರೆಯೇ ಉತ್ತರವಿದೆ. ಮ್ಯಾಲಾಕ್ (ಪ್ರೋಗ್ರಾಂಗೆ ಮೆಮೊರಿ ಹಿಡಿದುಕೊಡುವ ಫಂಕ್ಷನ್) ಬಗ್ಗೆ ಹೇಳಿರುವ ಅಳತೆಗಳೆಲ್ಲ 64 ಬಿಟ್ ಯಂತ್ರದಲ್ಲಿನ ಜಿಲಿಬ್‌ಸಿಗೆ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿಗೆ) ಸೇರಿದವು.

## ಶುರುವಾದಾಗ 12 ಎಂಬಿ ಇದ್ದ ಏಜೆಂಟ್ ಮೂರು ವಾರಕ್ಕೆ 900 ಎಂಬಿ ಮುಟ್ಟಿದೆ. ಇದು ಲೀಕ್ ತಾನೇ?

ಬಹುಪಾಲು ಹೌದು. ಆದರೆ ಮೊದಲ ಅಂಕಿ, ಕೊನೆಯ ಅಂಕಿ ಎರಡನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ನಡುವೆ ಹೇಗೆ ಏರಿತು ಎಂಬುದು ಬೇಕು. ನಿಮಿಷಕ್ಕೊಮ್ಮೆ ಅಳತೆ ತೆಗೆದು ಕನಿಷ್ಠ 24 ಗಂಟೆಯ ಗ್ರಾಫ್ ಹಾಕಿ.

ಗೆರೆ ಒಂದೇ ಓರೆಯಲ್ಲಿ ಏರುತ್ತಲೇ ಹೋದರೆ ಸೋರಿಕೆ. ಮೊದಲು ಏರಿ ಆಮೇಲೆ ಚಪ್ಪಟೆಯಾದರೆ ಕ್ಯಾಶ್ ಅಥವಾ ಹಿಸ್ಟರಿ ಬಫರ್ ತುಂಬಿಕೊಂಡಿದೆ ಅಷ್ಟೇ. 24 ಗಂಟೆಯ ಹಿಸ್ಟರಿ ಇಟ್ಟುಕೊಳ್ಳುವ ಟೂಲ್ ಮೊದಲ 24 ಗಂಟೆ ಏರಲೇಬೇಕು, ಅಂಥದ್ದನ್ನು 48 ಗಂಟೆ ನೋಡಿ. ದಿನ ಕಳೆದಂತೆ ಏರಿಕೆಯ ವೇಗ ತಾನಾಗಿ ಕುಗ್ಗುತ್ತಿದ್ದರೆ ಹೀಪ್ (ಮ್ಯಾಲಾಕ್ ಮೆಮೊರಿ ಹಂಚುವ ಜಾಗ) ಛಿದ್ರವಾಗುತ್ತಿರುವ, ಅಂದರೆ ನಡುನಡುವೆ ಬಳಕೆಗೆ ಬಾರದ ಖಾಲಿ ತುಂಡುಗಳು ಉಳಿಯುತ್ತಿರುವ, ಅನುಮಾನ ಬರಬೇಕು. ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ: ಆ ಹೊತ್ತಿಗೆ ಕಾನ್ಫಿಗ್ ರೀಲೋಡ್ ಆಯಿತೋ, ಲಾಗ್ ರೊಟೇಟ್ ಆಯಿತೋ, ಸರ್ವರ್ ಜೊತೆಗಿನ ಸಂಪರ್ಕ ಕಡಿದು ಮತ್ತೆ ಕೂಡಿತೋ ನೋಡಿ.

## ಆರ್‌ಎಸ್‌ಎಸ್, ವಿಎಸ್‌ಜೆಡ್... ಇವುಗಳಲ್ಲಿ ಯಾವುದನ್ನು ನಂಬಬೇಕು?

ವಿಎಸ್‌ಜೆಡ್ ಬಿಡಿ. ಅದು ಕಾಯ್ದಿರಿಸಿದ ವಿಳಾಸಗಳ ಮೊತ್ತ, ನಿಜವಾಗಿ ಬಳಸಿದ ಮೆಮೊರಿಯಲ್ಲ. ಹೊಸ ಥ್ರೆಡ್ ಹುಟ್ಟಿದಾಗ ಅದರ ಸ್ಟ್ಯಾಕ್‌ಗೆ ಸಾಮಾನ್ಯವಾಗಿ 8 ಎಂಬಿ, ಅದಕ್ಕೊಂದು ಮ್ಯಾಲಾಕ್ ಅರೀನಾ (ಹೀಪ್‌ನ ಪ್ರತ್ಯೇಕ ಭಾಗ) ಸಿಕ್ಕರೆ ಇನ್ನೂ 64 ಎಂಬಿ ಒಮ್ಮೆಗೇ ಸೇರಿಕೊಳ್ಳುತ್ತದೆ.

ಪ್ರಾಕ್ (/proc) ಡೈರೆಕ್ಟರಿಯಲ್ಲಿ ಆ ಪ್ರಾಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಸ್ಟೇಟಸ್ ಫೈಲ್ ತೆರೆದರೆ ಆರ್‌ಎಸ್‌ಎಸ್, ಅಂದರೆ ಸದ್ಯ ರ್‍ಯಾಮ್‌ನಲ್ಲಿರುವ ಮೆಮೊರಿ, ಮೂರು ಭಾಗವಾಗಿ ಸಿಗುತ್ತದೆ: ಅನಾನ್ (ಯಾವ ಫೈಲ್‌ಗೂ ಸೇರದ್ದು), ಫೈಲ್, ಶೇರ್ಡ್ ಮೆಮೊರಿ. ಕರ್ನಲ್ 4.5ರಿಂದ ಈ ವಿಂಗಡಣೆ ಇದೆ. ಹೀಪ್ ಸೋರಿಕೆ ಕಾಣುವುದು ಅನಾನ್ ಭಾಗದಲ್ಲಿ.

ಅದರ ಜೊತೆಗೇ ಅದೇ ಫೈಲ್‌ನ ಸ್ವಾಪ್ (ರ್‍ಯಾಮ್‌ನಿಂದ ಡಿಸ್ಕ್‌ಗೆ ಸರಿಸಿದ ಮೆಮೊರಿ) ಸಾಲನ್ನೂ ಕೂಡಿಸಿಕೊಳ್ಳಿ. ಇದನ್ನು ಮರೆಯುವವರೇ ಹೆಚ್ಚು. ಸೋರಿದ ಮೆಮೊರಿಯನ್ನು ಪ್ರೋಗ್ರಾಂ ಮತ್ತೆ ಮುಟ್ಟುವುದಿಲ್ಲ. ಮುಟ್ಟದ ಪುಟಗಳನ್ನೇ (ಮೆಮೊರಿಯ 4 ಕೆಬಿ ತುಂಡುಗಳನ್ನೇ) ಕರ್ನಲ್ ಮೊದಲು ಸ್ವಾಪ್‌ಗೆ ತಳ್ಳುತ್ತದೆ. ಹಾಗಾಗಿ ಸ್ವಾಪ್ ಇರುವ ಯಂತ್ರದಲ್ಲಿ ಆರ್‌ಎಸ್‌ಎಸ್ ಗೆರೆ ಚಪ್ಪಟೆಯಾಗಿ, ಎಲ್ಲವೂ ಸರಿಯಿದೆ ಎಂಬಂತೆ ಕಾಣುತ್ತಿರುತ್ತದೆ, ಒಳಗೆ ಸ್ವಾಪ್ ತುಂಬುತ್ತಿರುತ್ತದೆ. ಅನಾನ್ ಮತ್ತು ಸ್ವಾಪ್ ಎರಡರ ಮೊತ್ತವನ್ನೇ ಗ್ರಾಫ್‌ಗೆ ಹಾಕಿ.

## ಒಂದೆರಡು ಡಜನ್ ಬೈಟ್ ಸೋರಿದರೆ ಅಷ್ಟೊಂದು ತೊಂದರೆಯೇ?

ಹನಿ ಹನಿ ಗೂಡಿದರೆ ಹಳ್ಳ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ಬೇರೆ ಪ್ರೋಗ್ರಾಂಗಳು ಕೆಲಸ ಮುಗಿಸಿ ಹೊರಟುಬಿಡುತ್ತವೆ. ಮಾನಿಟರಿಂಗ್ ಟೂಲ್ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಲೇ ಇರುತ್ತದೆ.

ಪ್ರಾಸೆಸ್ ಹೆಸರನ್ನು ಸ್ಟ್ರ್‌ಡಪ್ ಮಾಡಿ (ಹೊಸ ಮೆಮೊರಿಗೆ ನಕಲು ಮಾಡಿ) ಬಿಡುಗಡೆ ಮಾಡುವುದನ್ನು ಮರೆತಿದ್ದೀರಿ ಎಂದುಕೊಳ್ಳಿ. ಹೆಸರು ಐದೇ ಅಕ್ಷರವಿದ್ದರೂ ಮ್ಯಾಲಾಕ್ ಕೊಡುವ ಅತಿ ಚಿಕ್ಕ ತುಂಡು 32 ಬೈಟ್. ಯಂತ್ರದಲ್ಲಿ 300 ಪ್ರಾಸೆಸ್, 10 ಸೆಕೆಂಡಿಗೊಂದು ಸ್ಯಾಂಪಲ್, ಅಂದರೆ ದಿನಕ್ಕೆ 8,640 ಸುತ್ತು. 300 × 8,640 × 32 ಲೆಕ್ಕ ಹಾಕಿದರೆ ದಿನಕ್ಕೆ 8,29,44,000 ಬೈಟ್, ಹತ್ತಿರ ಹತ್ತಿರ 83 ಎಂಬಿ. ಯಂತ್ರವನ್ನು ಕಾಯಲು ಇಟ್ಟ ಟೂಲೇ ಎರಡು ವಾರದಲ್ಲಿ 1 ಜಿಬಿ ನುಂಗಿ ಕೂತಿರುತ್ತದೆ: ಮೂಗಿಗಿಂತ ಮೂಗುತಿ ಭಾರ.

## ಹುಡುಕಾಟ ಎಲ್ಲಿಂದ ಶುರು ಮಾಡಬೇಕು? ನೇರವಾಗಿ ವಾಲ್‌ಗ್ರೈಂಡ್ ಹಾಕಬಹುದೇ?

ವಾಲ್‌ಗ್ರೈಂಡ್ ಮೆಮೊರಿ ತಪ್ಪುಗಳನ್ನು ಹುಡುಕುವ ಟೂಲ್. ಹಾಕಬಹುದು, ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಮೆಮೊರಿ ಏರುತ್ತಿರುವುದು ಯಾವುದರ ಲೆಕ್ಕಕ್ಕೆ? ಪ್ರತಿ ಸ್ಯಾಂಪಲ್‌ಗೋ, ಪ್ರತಿ ಹೊಸ ಪ್ರಾಸೆಸ್‌ಗೋ, ಪ್ರತಿ ನೆಟ್‌ವರ್ಕ್ ಸಂಪರ್ಕಕ್ಕೋ, ಪ್ರತಿ ಎರರ್‌ಗೋ? ಇದು ಗೊತ್ತಾಗದೆ ಟೂಲ್ ಓಡಿಸಿದರೆ ಗುಡ್ಡ ಅಗೆಯುವ ಕೆಲಸವಾಗುತ್ತದೆ. ಗೊತ್ತಾದರೆ ಹಲವು ಸಲ ಕೋಡ್ ಓದಿಯೇ ತಪ್ಪನ್ನು ಹಿಡಿಯಬಹುದು.

ಮೊದಲು ಸ್ಯಾಂಪಲ್ ಅಂತರವನ್ನು 10 ಸೆಕೆಂಡಿನಿಂದ 1 ಸೆಕೆಂಡಿಗೆ ಇಳಿಸಿ, ಬೇರೆ ಏನನ್ನೂ ಬದಲಿಸಬೇಡಿ. ಏರಿಕೆಯೂ ಹತ್ತು ಪಟ್ಟು ಜೋರಾದರೆ ಸೋರಿಕೆ ಸ್ಯಾಂಪಲ್ ಸುತ್ತಿನ ಒಳಗಿದೆ. ಇದರಿಂದ ಇನ್ನೊಂದು ಲಾಭ: ಹತ್ತು ದಿನದ ಏರಿಕೆ ಒಂದೇ ದಿನದಲ್ಲಿ ನಿಮ್ಮ ಕೈಗೆ ಸಿಗುತ್ತದೆ.

ಓರೆ ಬದಲಾಗದಿದ್ದರೆ ಹೊಸ ಪ್ರಾಸೆಸ್‌ಗಳ ಮೇಲೆ ಕಣ್ಣು ಹಾಕಿ. ಎರಡು ಮೂರು ಸೆಕೆಂಡ್ ಬದುಕಿ ಸಾಯುವ ಸ್ಲೀಪ್ ಪ್ರಾಸೆಸ್‌ಗಳನ್ನು ಒಂದು ಲೂಪ್‌ನಲ್ಲಿ 10,000 ಸಲ ಹುಟ್ಟಿಸಿ. ಅವು ಸ್ಯಾಂಪಲ್ ಅಂತರಕ್ಕಿಂತ ಹೆಚ್ಚು ಹೊತ್ತು ಬದುಕಿರಬೇಕು, ಇಲ್ಲದಿದ್ದರೆ ಟೂಲ್‌ನ ಕಣ್ಣಿಗೇ ಬೀಳುವುದಿಲ್ಲ. ಇಷ್ಟಾದ ಮೇಲೆ ಅನಾನ್ ಮೆಮೊರಿ ಸುಮಾರು 20,80,000 ಬೈಟ್ ಏರಿತು ಎನ್ನಿ. 10,000ದಿಂದ ಭಾಗಿಸಿದರೆ ಪ್ರಾಸೆಸ್ ಒಂದಕ್ಕೆ 208 ಬೈಟ್. ಮ್ಯಾಲಾಕ್ ನೀವು ಕೇಳಿದ್ದಕ್ಕೆ 8 ಬೈಟ್ ಸೇರಿಸಿ 16ರ ಗುಣಕಕ್ಕೆ ಏರಿಸುತ್ತದೆ. ಹಾಗಾದರೆ ಕೇಳಿದ್ದು 185ರಿಂದ 200 ಬೈಟ್‌ನ ನಡುವೆ. ಇಲ್ಲವೇ ಎರಡು ತುಂಡುಗಳು ಸೇರಿ 208, ಉದಾಹರಣೆಗೆ 176ರದ್ದೊಂದು ಮತ್ತು 32ರದ್ದೊಂದು. ಈಗ ಕೋಡ್‌ನಲ್ಲಿ ಆ ಗಾತ್ರದ ಸ್ಟ್ರಕ್ಟ್ ಯಾವುದಿದೆ ನೋಡಿ. ಘಟನೆ ಒಂದಕ್ಕೆ ಇಷ್ಟು ಬೈಟ್ ಎಂಬ ಈ ಅಂಕಿಯೇ ನಿಮ್ಮ ಕೈಯಲ್ಲಿರುವ ಒಳ್ಳೆಯ ಸುಳಿವು. ಆರ್‌ಎಸ್‌ಎಸ್ ಬದಲಾಗುವುದು 4 ಕೆಬಿ ಪುಟಗಳ ಲೆಕ್ಕದಲ್ಲಿ, ಆದ್ದರಿಂದ ನೂರಿನ್ನೂರು ಸಲ ಮಾಡಿ ಭಾಗಿಸಬೇಡಿ, ಸಂಖ್ಯೆ ಸಾವಿರಗಳಲ್ಲಿರಲಿ.

ಎರಡೂ ಫಲ ಕೊಡದಿದ್ದರೆ ಕಲೆಕ್ಟರ್‌ಗಳಲ್ಲಿ (ಟೂಲ್‌ನಲ್ಲಿ ಒಂದೊಂದು ವಿಷಯವನ್ನು ಅಳೆಯುವ ಭಾಗಗಳಲ್ಲಿ) ಅರ್ಧವನ್ನು ಆಫ್ ಮಾಡಿ ನೋಡಿ, ಆಮೇಲೆ ಉಳಿದರ್ಧದಲ್ಲಿ ಅರ್ಧ. 16 ಕಲೆಕ್ಟರ್ ಇದ್ದರೆ ನಾಲ್ಕು ಸುತ್ತಿಗೆ ಒಂದೇ ಉಳಿಯುತ್ತದೆ. ಹಳೆಯ ಆವೃತ್ತಿಯಲ್ಲಿ ತೊಂದರೆ ಇರಲಿಲ್ಲ ಎಂದು ಖಚಿತವಿದ್ದರೆ ಗಿಟ್ ಬೈಸೆಕ್ಟ್ (ತಪ್ಪು ಯಾವ ಬದಲಾವಣೆಯಿಂದ ಬಂತೆಂದು ಆವೃತ್ತಿಗಳನ್ನು ಅರ್ಧರ್ಧ ಮಾಡಿ ಹುಡುಕುವ ಆಜ್ಞೆ) ಇನ್ನೂ ಬೇಗ ಮುಗಿಯುತ್ತದೆ.

## ಮಾನಿಟರಿಂಗ್ ಟೂಲ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲಿ ಸೋರುತ್ತದೆ?

ಪ್ರಾಕ್ ಓದುವ ಕೋಡ್‌ನ ಎರರ್ ದಾರಿಯಲ್ಲಿ. ಮೊದಲು ಅಲ್ಲೇ ನೋಡಿ.

ಟೂಲ್ ಪ್ರಾಸೆಸ್ ಪಟ್ಟಿ ಓದುತ್ತದೆ, ಒಂದೊಂದಕ್ಕೂ ಸ್ಟ್ರಕ್ಟ್ ಅಲೊಕೇಟ್ ಮಾಡುತ್ತದೆ, ಹೆಸರನ್ನು ನಕಲು ಮಾಡಿಕೊಳ್ಳುತ್ತದೆ, ಆಮೇಲೆ ಸ್ಟಾಟ್ ಫೈಲ್ ತೆರೆಯಲು ಹೋಗುತ್ತದೆ. ಅಷ್ಟರೊಳಗೆ ಆ ಪ್ರಾಸೆಸ್ ಸತ್ತಿರುತ್ತದೆ. ಫೈಲ್ ಸಿಗುವುದಿಲ್ಲ, ಫಂಕ್ಷನ್ ಅಲ್ಲಿಂದಲೇ ರಿಟರ್ನ್ ಆಗುತ್ತದೆ, ಹಿಂದೆ ಹಿಡಿದದ್ದನ್ನು ಬಿಡುವವರಿಲ್ಲ. ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ಪ್ರಾಸೆಸ್‌ಗಳು ಅಷ್ಟಾಗಿ ಹುಟ್ಟಿ ಸಾಯುವುದಿಲ್ಲ, ಹಾಗಾಗಿ ಅಲ್ಲಿ ಸೋರಿಕೆ ಕಾಣುವುದೇ ಇಲ್ಲ. ದಿನವಿಡೀ ಕಂಪೈಲರ್ ಓಡುವ ಬಿಲ್ಡ್ ಸರ್ವರ್‌ನಲ್ಲಿ ಅದೇ ಕೋಡ್ ಧಾರಾಕಾರ ಸೋರುತ್ತದೆ. “ನಮ್ಮಲ್ಲಿ ಬರುತ್ತಿಲ್ಲ” ಎಂದು ಬಗ್ ಮುಚ್ಚುವ ಮುನ್ನ ಪ್ರಾಸೆಸ್ ಹುಟ್ಟು-ಸಾವಿನ ಪರೀಕ್ಷೆ ಮಾಡಲೇಬೇಕು.

ಡೈರೆಕ್ಟರಿ ತೆರೆಯುವ ಓಪನ್‌ಡಿರ್ ಆದಮೇಲೆ ಮುಚ್ಚುವ ಕ್ಲೋಸ್‌ಡಿರ್ ಮರೆಯುವುದು ಇನ್ನೊಂದು. ಪ್ರತಿ ಓಪನ್‌ಡಿರ್‌ಗೆ ಜಿಲಿಬ್‌ಸಿ ಸುಮಾರು 32 ಕೆಬಿ ಬಫರ್ ಹಿಡಿಯುತ್ತದೆ, ಜೊತೆಗೊಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಕರ್ನಲ್ ಕೊಡುವ ಸಂಖ್ಯೆ, ಎಫ್‌ಡಿ). ಡಿಸ್ಕ್ರಿಪ್ಟರ್ ಮಿತಿ 1,024 ಇದ್ದರೆ ಮೆಮೊರಿಗಿಂತ ಮುಂಚೆ ಅದೇ ಮುಗಿದು ಟೂಲ್ ನಿಲ್ಲುತ್ತದೆ. ಮಿತಿ ಏರಿಸಿದ್ದರೆ ಮಾತ್ರ ಮೆಮೊರಿ ಏರಿಕೆಯಾಗಿ ಕಾಣುತ್ತದೆ. ಪ್ರಾಸೆಸ್‌ನ ಎಫ್‌ಡಿ ಡೈರೆಕ್ಟರಿಯಲ್ಲಿ ಎಷ್ಟು ಎಂಟ್ರಿ ಇವೆ ಎಂದು ಗಂಟೆಗೊಮ್ಮೆ ಎಣಿಸಿದರೆ ಇದು ತಕ್ಷಣ ಬಯಲಾಗುತ್ತದೆ.

ಸಾಲು ಸಾಲಾಗಿ ಓದುವ ಗೆಟ್‌ಲೈನ್ ಬಳಸುವಾಗ ಒಂದು ಸೂಕ್ಷ್ಮ ಇದೆ: ಓದು ವಿಫಲವಾದರೂ ಬಫರ್ ಅಲೊಕೇಟ್ ಆಗಿರಬಹುದು, ಅದನ್ನು ಫ್ರೀ ಮಾಡಬೇಕಾದದ್ದು ನಿಮ್ಮ ಹೊಣೆ. ಪ್ರತಿ ಸುತ್ತಿಗೂ ರೆಗ್‌ಕಾಂಪ್ ಮಾಡಿ ರೆಗ್‌ಫ್ರೀ ಬಿಡುವುದು, ಕರ್ಲ್ ಹ್ಯಾಂಡಲ್ ಮುಚ್ಚದಿರುವುದು, ಜೇಸನ್ ಅಥವಾ ಯುಡೆವ್ ವಸ್ತುವಿನ ರೆಫರೆನ್ಸ್ ಇಳಿಸದಿರುವುದು ಇದೇ ಜಾತಿಯವು.

## ವಾಲ್‌ಗ್ರೈಂಡ್ “ಸೋರಿಕೆ ಇಲ್ಲ” ಎನ್ನುತ್ತಿದೆ, ಆದರೂ ಮೆಮೊರಿ ಏರುತ್ತಿದೆ. ಹೇಗೆ ಸಾಧ್ಯ?

ವಾಲ್‌ಗ್ರೈಂಡ್ ಲೆಕ್ಕದಲ್ಲಿ ಸೋರಿಕೆ ಎಂದರೆ ಯಾವ ಪಾಯಿಂಟರ್‌ನಿಂದಲೂ ತಲುಪಲಾಗದ ತುಂಡು. ನಿಮ್ಮ ಸೋರಿಕೆ ಆ ಥರದ್ದಲ್ಲ. ಯಾವುದೋ ಹ್ಯಾಶ್ ಟೇಬಲ್‌ಗೆ ಸೇರಿಸುತ್ತಲೇ ಇದ್ದೀರಿ, ತೆಗೆಯುತ್ತಿಲ್ಲ. ಪಾಯಿಂಟರ್ ಇದೆ, ಆದ್ದರಿಂದ ವರದಿಯಲ್ಲಿ ಅದು “ಸ್ಟಿಲ್ ರೀಚಬಲ್” ಗುಂಪಿಗೆ ಸೇರುತ್ತದೆ. ಆ ಗುಂಪಿನ ವಿವರ ತಾನಾಗಿ ಮುದ್ರಣವಾಗುವುದಿಲ್ಲ. ಟೂಲ್ ನಿಲ್ಲುವಾಗ ಟೇಬಲ್ಲನ್ನು ಶಿಸ್ತಾಗಿ ಖಾಲಿ ಮಾಡುವ ಕೋಡ್ ಇದ್ದರಂತೂ ವರದಿ ಪೂರ್ತಿ ಸ್ವಚ್ಛ.

ಮಾನಿಟರಿಂಗ್ ಟೂಲ್‌ನಲ್ಲಿ ಈ ಬಗೆಯೇ ಹೆಚ್ಚು ಕಾಡುವುದು. ಪಿಐಡಿ (ಪ್ರಾಸೆಸ್‌ನ ಸಂಖ್ಯೆ) ಪ್ರಕಾರ ಇಟ್ಟ ಪ್ರಾಸೆಸ್ ಕ್ಯಾಶ್, ಕಂಟೇನರ್ ಬಂದು ಹೋದಂತೆ ಹುಟ್ಟುವ ವರ್ಚುವಲ್ ನೆಟ್‌ವರ್ಕ್ ಇಂಟರ್‌ಫೇಸ್‌ಗಳ ಪಟ್ಟಿ, ಡಿಸ್ಕ್ ಮೌಂಟ್‌ಗಳ ಪಟ್ಟಿ, ಬಳಕೆದಾರರ ಐಡಿಯಿಂದ ಹೆಸರಿಗೆ ಹೋಗುವ ಕ್ಯಾಶ್: ಇವುಗಳಲ್ಲಿ ಸೇರಿಸುವ ಜಾಗ ಎಲ್ಲರಿಗೂ ಗೊತ್ತಿರುತ್ತದೆ, ತೆಗೆಯುವ ಜಾಗ ಕೋಡ್‌ನಲ್ಲೇ ಇರುವುದಿಲ್ಲ.

ಪ್ರಾಸೆಸ್ ಕ್ಯಾಶ್ ಅನ್ನೇ ಹತ್ತಿರದಿಂದ ನೋಡಿ. ಕೀ ಬರೀ ಪಿಐಡಿ ಆಗಿದ್ದರೆ ಏರಿಕೆಗೆ ಒಂದು ಕೊನೆಯಿದೆ, ಏಕೆಂದರೆ ಪಿಐಡಿಗಳು ಮರುಬಳಕೆಯಾಗುತ್ತವೆ. ಕರ್ನಲ್‌ನ ಪಿಐಡಿ ಮಿತಿ 32,768 ಇದ್ದರೆ 208 ಬೈಟ್‌ನ ದಾಖಲೆಗಳು 7 ಎಂಬಿ ಒಳಗೇ ನಿಲ್ಲುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಅದೇ ಮಿತಿ 41,94,304 ಎಂದು ಇಟ್ಟಿರುವ ಯಂತ್ರದಲ್ಲಿ ಅದೇ ತಪ್ಪು 870 ಎಂಬಿವರೆಗೆ ಏರುತ್ತದೆ. ಸಿಸ್ಟಂಡಿ (ಸರ್ವೀಸ್‌ಗಳನ್ನು ನಡೆಸುವ ವ್ಯವಸ್ಥೆ) ಇರುವ 64 ಬಿಟ್ ಲಿನಕ್ಸ್ ವಿತರಣೆಗಳಲ್ಲಿ ಈ ದೊಡ್ಡ ಮಿತಿ ಸಾಮಾನ್ಯ. ಹೀಗಾಗಿ ಓಎಸ್ ಅಪ್‌ಗ್ರೇಡ್ ಆದಮೇಲೆ “ಹೊಸ” ಲೀಕ್ ಹುಟ್ಟಿದಂತೆ ಕಾಣಬಹುದು, ಕೋಡ್‌ನಲ್ಲಿ ಒಂದು ಸಾಲೂ ಬದಲಾಗಿರುವುದಿಲ್ಲ. ಇನ್ನು ಪಿಐಡಿ ಜೊತೆ ಪ್ರಾಸೆಸ್ ಶುರುವಾದ ಸಮಯವನ್ನೂ ಕೀಗೆ ಸೇರಿಸಿದ್ದರೆ (ಸರಿಯಾದ ಕ್ರಮ ಅದೇ) ಏರಿಕೆಗೆ ಮಿತಿಯೇ ಇಲ್ಲ. ಸೆಕೆಂಡಿಗೆ 5 ಹೊಸ ಪ್ರಾಸೆಸ್ ಕಣ್ಣಿಗೆ ಬಿದ್ದರೆ ದಿನಕ್ಕೆ 4,32,000 ದಾಖಲೆ, 90 ಎಂಬಿಗೆ ಹತ್ತಿರ.

ಪರಿಹಾರ ಸರಳ: ಪ್ರತಿ ಸುತ್ತಿಗೊಂದು ಸಂಖ್ಯೆ ಕೊಡಿ, ಕಂಡ ದಾಖಲೆಗೆಲ್ಲ ಆ ಸಂಖ್ಯೆ ಬರೆಯಿರಿ, ಸುತ್ತು ಮುಗಿದಮೇಲೆ ಹಳೆಯ ಸಂಖ್ಯೆ ಹೊತ್ತಿರುವ ದಾಖಲೆಗಳನ್ನು ತೆಗೆದುಹಾಕಿ. ಮತ್ತೊಂದು ಮಾತು, ಪ್ರತಿ ಟೇಬಲ್‌ನಲ್ಲಿ ಎಷ್ಟು ದಾಖಲೆ ಇವೆ ಎಂಬುದನ್ನು ಟೂಲ್ ತಾನೇ ಒಂದು ಮೆಟ್ರಿಕ್ ಆಗಿ ಹೊರಗೆ ಕೊಡಲಿ. ಮುಂದಿನ ಸೋರಿಕೆ ಹಿಡಿಯಲು ಡೀಬಗರ್ ಬೇಕಾಗುವುದಿಲ್ಲ.

## ನಿಲ್ಲದೆ ಓಡುವ ಪ್ರೋಗ್ರಾಂ ಮೇಲೆ ವಾಲ್‌ಗ್ರೈಂಡ್ ಓಡಿಸುವುದು ಹೇಗೆ?

ಡೀಬಗ್ ಮಾಹಿತಿ ಸಮೇತ ಬಿಲ್ಡ್ ಮಾಡಿ. ಫೋರ್ಕ್ ಆಗಿ ಹಿನ್ನೆಲೆಗೆ ಹೋಗದೆ ಟರ್ಮಿನಲ್‌ನಲ್ಲೇ ಓಡುವ ಆಯ್ಕೆ ಕೊಡಿ. ಲೀಕ್ ಚೆಕ್ ಆಯ್ಕೆ “ಫುಲ್” ಇರಲಿ, ತೋರಿಸಬೇಕಾದ ಬಗೆ “ಆಲ್” ಇರಲಿ. ಕಾಲ್ ಸ್ಟ್ಯಾಕ್‌ನ ಆಳ ತಾನಾಗಿ 12. ಅದನ್ನು 30ಕ್ಕೆ ಏರಿಸಿ, ಇಲ್ಲದಿದ್ದರೆ ಲೈಬ್ರರಿ ಒಳಗಿನ ಫಂಕ್ಷನ್‌ಗಳೇ ಕಂಡು ನಿಮ್ಮ ಕೋಡ್ ಕಾಣುವುದಿಲ್ಲ. ಪ್ಲಗಿನ್‌ಗಳನ್ನು ಡಿಎಲ್‌ಓಪನ್ ಮೂಲಕ ತರುವ ಟೂಲ್ ಆದರೆ ಡೀಬಗ್ ಮಾಹಿತಿ ಉಳಿಸಿಕೊಳ್ಳುವ ಆಯ್ಕೆಯನ್ನೂ ಕೊಡಬೇಕು. ಪ್ಲಗಿನ್ ಇಳಿಸಿದಮೇಲೆ ಅದರ ಸಾಲುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುವುದು ಇದರಿಂದ ತಪ್ಪುತ್ತದೆ.

ಮೆಮ್‌ಚೆಕ್ (ವಾಲ್‌ಗ್ರೈಂಡ್‌ನ ಮೆಮೊರಿ ಪರೀಕ್ಷಕ) ಅಡಿಯಲ್ಲಿ ಪ್ರೋಗ್ರಾಂ 10ರಿಂದ 50 ಪಟ್ಟು ನಿಧಾನ. ಸ್ಯಾಂಪಲ್ ಅಂತರ 1 ಸೆಕೆಂಡ್ ಇಟ್ಟು ಸುತ್ತು ಮುಗಿಯಲು 3 ಸೆಕೆಂಡ್ ಹಿಡಿದರೆ ಸುತ್ತುಗಳು ಒಂದರ ಮೇಲೊಂದು ಪೇರಿಕೊಂಡು ಬೇರೆಯದೇ ತೊಂದರೆ ಹುಟ್ಟುತ್ತದೆ, ಅಂತರವನ್ನು ಅದಕ್ಕೆ ತಕ್ಕಂತೆ ಇಡಿ.

ನಿಲ್ಲಿಸುವಾಗ ಟರ್ಮ್ ಸಿಗ್ನಲ್ ಕಳಿಸಿ. ಕಿಲ್ ಸಿಗ್ನಲ್ ಕಳಿಸಿದರೆ ವರದಿಯೇ ಬರುವುದಿಲ್ಲ. ನಿಲ್ಲಿಸದೆಯೂ ನೋಡಬಹುದು: ವಾಲ್‌ಗ್ರೈಂಡ್ ಜೊತೆಗೇ ಬರುವ ವಿಜಿಡಿಬಿ ಮೂಲಕ ಓಡುತ್ತಿರುವಾಗಲೇ ಲೀಕ್ ಚೆಕ್ ಕೇಳಿ, 1,000 ಸುತ್ತು ಬಿಟ್ಟು ಮತ್ತೆ ಕೇಳಿ, ಎರಡರ ನಡುವೆ ಹೆಚ್ಚಿದ್ದನ್ನಷ್ಟೇ ತೋರಿಸು ಎನ್ನಿ. “ಸ್ಟಿಲ್ ರೀಚಬಲ್” ಸೋರಿಕೆಯೂ ಈ ವಿಧಾನದಲ್ಲಿ ಸಿಕ್ಕಿಬೀಳುತ್ತದೆ. ಮ್ಯಾಸಿಫ್ ಅಥವಾ ಹೀಪ್‌ಟ್ರ್ಯಾಕ್ ಕೂಡ ಇದಕ್ಕೆ ಹೇಳಿ ಮಾಡಿಸಿದವು: ತಲುಪಬಹುದೋ ಇಲ್ಲವೋ ಎಂದು ಕೇಳದೆ, ಯಾರು ಎಷ್ಟು ಹಿಡಿದು ಕೂತಿದ್ದಾರೆ ಎಂದು ತೋರಿಸುತ್ತವೆ.

## ಅಡ್ರೆಸ್ ಸ್ಯಾನಿಟೈಸರ್ ಹಾಕಿದೆವು, ಮೆಮೊರಿ ಇನ್ನೂ ಜೋರಾಗಿ ಏರಿತು. ಏಕೆ?

ಅಡ್ರೆಸ್ ಸ್ಯಾನಿಟೈಸರ್ ಎಂದರೆ ಬಿಲ್ಡ್ ಮಾಡುವಾಗ ಸೇರಿಸುವ, ಮೆಮೊರಿ ತಪ್ಪು ಹಿಡಿಯುವ ಕೋಡ್. ಅದು ಫ್ರೀ ಆದ ಮೆಮೊರಿಯನ್ನೂ ಸುಮಾರು 256 ಎಂಬಿವರೆಗೆ ಬೇಕೆಂದೇ ಹಿಡಿದಿಟ್ಟುಕೊಳ್ಳುತ್ತದೆ, ಫ್ರೀ ಆದಮೇಲೆ ಬಳಸುವ ತಪ್ಪನ್ನು ಹಿಡಿಯಲು. ಹಾಗಾಗಿ ಆ ಬಿಲ್ಡ್‌ನ ಆರ್‌ಎಸ್‌ಎಸ್ ಅಳೆಯಬೇಡಿ. ಸೋರಿಕೆಯಷ್ಟೇ ಬೇಕಿದ್ದರೆ ಲೀಕ್ ಸ್ಯಾನಿಟೈಸರ್ ಒಂದನ್ನೇ ಹಾಕಿ ಬಿಲ್ಡ್ ಮಾಡಿ. ಪ್ರೋಗ್ರಾಂ ಮುಗಿಯುವಾಗ ಮಾತ್ರ ಕೆಲಸ ಮಾಡುವುದರಿಂದ ಓಟಕ್ಕೆ ಹೆಚ್ಚು ಹೊರೆಯಿಲ್ಲ. ಜಿಡಿಬಿ (ಡೀಬಗರ್) ಅಥವಾ ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಟೂಲ್) ಅಡಿಯಲ್ಲಿ ಅದು ನಡೆಯುವುದಿಲ್ಲ. “ಸ್ಟಿಲ್ ರೀಚಬಲ್” ಸೋರಿಕೆ ಇದರ ಕಣ್ಣಿಗೂ ಬೀಳುವುದಿಲ್ಲ.

## ಪ್ರೊಡಕ್ಷನ್‌ನಲ್ಲಿ ಮಾತ್ರ ಸೋರುತ್ತದೆ, ರೀಸ್ಟಾರ್ಟ್ ಮಾಡುವ ಹಾಗಿಲ್ಲ. ಏನು ಮಾಡುವುದು?

ಬಿಸಿಸಿ ಸಂಗ್ರಹದಲ್ಲಿ ಮೆಮ್‌ಲೀಕ್ ಎಂಬ ಇಬಿಪಿಎಫ್ (ಕರ್ನಲ್ ಒಳಗಿನಿಂದ ಪ್ರೋಗ್ರಾಂಗಳನ್ನು ಗಮನಿಸುವ ತಂತ್ರ) ಟೂಲ್ ಇದೆ. ಓಡುತ್ತಿರುವ ಪ್ರಾಸೆಸ್‌ಗೆ ಅಂಟಿಕೊಂಡು, ಅಂಟಿಕೊಂಡ ಮೇಲಿನ ಅಲೊಕೇಶನ್‌ಗಳಲ್ಲಿ ಇನ್ನೂ ಫ್ರೀ ಆಗದವನ್ನು ಕಾಲ್ ಸ್ಟ್ಯಾಕ್ ಪ್ರಕಾರ ಪಟ್ಟಿ ಮಾಡುತ್ತದೆ. ವಯಸ್ಸಿನ ಮಿತಿಯನ್ನು 6,00,000 ಮಿಲಿಸೆಕೆಂಡ್, ಅಂದರೆ 10 ನಿಮಿಷ ಕೊಡಿ. ಒಂದು ಸುತ್ತಿನೊಳಗೆ ಬಂದು ಹೋಗುವ ತುಂಡುಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ. ಪ್ರೋಗ್ರಾಂ ಫ್ರೇಮ್ ಪಾಯಿಂಟರ್ ಇಟ್ಟುಕೊಂಡು ಕಂಪೈಲ್ ಆಗಿರಬೇಕು, ಇಲ್ಲದಿದ್ದರೆ ಸ್ಟ್ಯಾಕ್ ಒಂದೆರಡು ಸಾಲಿಗೇ ಕಡಿದುಹೋಗುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಮ್ಯಾಲಾಕ್ ಮಾಡುವ ಪ್ರೋಗ್ರಾಂಗೆ ಇದು ಭಾರ, ಮಾನಿಟರಿಂಗ್ ಏಜೆಂಟ್‌ಗೆ ಸಾಮಾನ್ಯವಾಗಿ ಆಗುತ್ತದೆ.

ಇನ್ನೊಂದು ದಾರಿ ಜಿಕೋರ್. ಪ್ರಾಸೆಸ್ ಸಾಯದೆ ಕೋರ್ ಫೈಲ್ (ಅದರ ಮೆಮೊರಿಯ ನಕಲು) ಸಿಗುತ್ತದೆ; ಬರೆಯುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ. ಡಿಸ್ಕ್‌ನಲ್ಲಿ ಜಾಗ ಇದೆಯೇ ಮೊದಲು ನೋಡಿಕೊಳ್ಳಿ. ಆ ಫೈಲ್ ಮೇಲೆ ಸ್ಟ್ರಿಂಗ್ಸ್ (ಓದಬಹುದಾದ ಪಠ್ಯವನ್ನು ಹೊರತೆಗೆಯುವ ಆಜ್ಞೆ) ಓಡಿಸಿ, ವಿಂಗಡಿಸಿ, ಯಾವ ಸಾಲು ಎಷ್ಟು ಸಲ ಬಂದಿದೆ ಎಣಿಸಿ. 800 ಎಂಬಿ ಸೋರಿದ್ದರೆ ಹೀಪ್‌ನ ಬಹುಭಾಗ ಸೋರಿದ ವಸ್ತುವೇ ತಾನೇ. ಒಂದೇ ಮೌಂಟ್ ಪಾಯಿಂಟ್ ಹೆಸರು ಹತ್ತು ಲಕ್ಷ ಸಲ ಕಂಡರೆ ಯಾವ ಕಲೆಕ್ಟರ್ ಎಂದು ಬೇರೆ ಹೇಳಬೇಕಿಲ್ಲ. ಒರಟು ವಿಧಾನ, ಆದರೆ ಯಾವ ಸಿದ್ಧತೆಯೂ ಇಲ್ಲದೆ ಐದು ನಿಮಿಷದಲ್ಲಿ ಫಲ ಕೊಡುತ್ತದೆ. ಕೋರ್ ಫೈಲ್‌ನಲ್ಲಿ ಪಾಸ್‌ವರ್ಡ್, ಟೋಕನ್‌ಗಳೂ ಇರುತ್ತವೆ, ಅದನ್ನು ಹಾಗೇ ಬೇರೆಯವರಿಗೆ ಕಳಿಸಬೇಡಿ.

ರೀಸ್ಟಾರ್ಟ್‌ಗೆ ಒಂದು ಅವಕಾಶ ಸಿಕ್ಕರೆ, ಪ್ರೊಫೈಲಿಂಗ್ ಸಮೇತ ಬಿಲ್ಡ್ ಆದ ಜೆಮ್ಯಾಲಾಕ್ ಅನ್ನು (ಜಿಲಿಬ್‌ಸಿಯ ಮ್ಯಾಲಾಕ್‌ಗೆ ಬದಲಿ ಲೈಬ್ರರಿಯನ್ನು) ಪ್ರಿಲೋಡ್ ಮಾಡಿ. ಸರಾಸರಿ 512 ಕೆಬಿಗೊಂದು ಸ್ಯಾಂಪಲ್ ತೆಗೆಯುವುದರಿಂದ ಹೊರೆ ಕಡಿಮೆ. ಬೆಳಿಗ್ಗೆಯದೊಂದು ಡಂಪ್, ಮರುದಿನದ್ದೊಂದು, ಎರಡರ ವ್ಯತ್ಯಾಸ ನೋಡಿದರಾಯಿತು.

## ಮ್ಯಾಲಾಕ್ ಟ್ರಿಮ್ ಕರೆದ ತಕ್ಷಣ 600 ಎಂಬಿ ವಾಪಸ್ ಬಂತು. ಹಾಗಾದರೆ ಲೀಕ್ ಇಲ್ಲವೇ?

ಆ 600 ಎಂಬಿ ಮಟ್ಟಿಗೆ ಇಲ್ಲ. ಪ್ರೋಗ್ರಾಂ ಫ್ರೀ ಮಾಡಿತ್ತು, ಮ್ಯಾಲಾಕ್ ಕರ್ನಲ್‌ಗೆ ಹಿಂತಿರುಗಿಸಿರಲಿಲ್ಲ. ಹೆಚ್ಚು ಥ್ರೆಡ್‌ಗಳಿರುವ ಏಜೆಂಟ್‌ನಲ್ಲಿ ಇದು ಸಾಮಾನ್ಯ: ಅರೀನಾಗಳ ಸಂಖ್ಯೆ ಸಿಪಿಯು ಕೋರ್‌ಗಳ 8 ಪಟ್ಟಿನವರೆಗೆ ಬೆಳೆಯುತ್ತದೆ. 32 ಕೋರ್ ಯಂತ್ರದಲ್ಲಿ 256 ಅರೀನಾಗಳಿಗೆ ಅವಕಾಶವಿದೆ, ಒಂದೊಂದರಲ್ಲೂ ಖಾಲಿ ತುಂಡುಗಳು ಉಳಿದುಕೊಳ್ಳುತ್ತವೆ. ಮ್ಯಾಲಾಕ್ ಅರೀನಾ ಮ್ಯಾಕ್ಸ್ (MALLOC_ARENA_MAX) ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಿಂದ 2ಕ್ಕೆ ಮಿತಿ ಹಾಕಿ ನೋಡಿ; ಮಾನಿಟರಿಂಗ್ ಕೆಲಸದಲ್ಲಿ ವೇಗಕ್ಕೆ ಪೆಟ್ಟು ಬೀಳುವುದು ಅಪರೂಪ.

ಮ್ಯಾಲಾಕ್ ಸ್ಟಾಟ್ಸ್ ಎರಡು ಅಂಕಿ ಕೊಡುತ್ತದೆ: ಕರ್ನಲ್‌ನಿಂದ ಪಡೆದದ್ದು, ಬಳಕೆಯಲ್ಲಿರುವುದು. ಎರಡೂ ಒಟ್ಟಿಗೆ ಏರಿದರೆ ಸೋರಿಕೆ, ಮೊದಲನೆಯದು ಮಾತ್ರ ಏರಿದರೆ ಛಿದ್ರ. ಹಳೆಯ ಮ್ಯಾಲ್‌ಇನ್‌ಫೋ 32 ಬಿಟ್ ಸಂಖ್ಯೆ ಬಳಸುತ್ತದೆ, 2 ಜಿಬಿ ದಾಟಿದರೆ ಅಂಕಿ ಕೆಟ್ಟುಹೋಗುತ್ತದೆ, ಜಿಲಿಬ್‌ಸಿ 2.33ರಿಂದ ಬಂದ ಎರಡನೆಯ ಆವೃತ್ತಿಯನ್ನು ಬಳಸಿ. ಇವನ್ನು ಜಿಡಿಬಿಯಿಂದ ಕರೆಯುವಾಗ ಎಚ್ಚರ: ಯಾವುದಾದರೂ ಥ್ರೆಡ್ ಆ ಕ್ಷಣಕ್ಕೆ ಅರೀನಾ ಲಾಕ್ ಹಿಡಿದಿದ್ದರೆ ಪ್ರಾಸೆಸ್ ಅಲ್ಲೇ ಕಟ್ಟಿಹೋಗುತ್ತದೆ.

## ಆರ್‌ಎಸ್‌ಎಸ್ 40 ಎಂಬಿ ಇದೆ, ಕಂಟೇನರ್ ಮಾತ್ರ 500 ಎಂಬಿ ತೋರಿಸುತ್ತಿದೆ. ಯಾರದು ಸರಿ?

ಎರಡೂ ಸರಿ. ಸಿಗ್ರೂಪ್ (ಕಂಟೇನರ್‌ನ ಬಳಕೆಯನ್ನು ಕರ್ನಲ್ ಅಳೆಯುವ ಗುಂಪು) ಲೆಕ್ಕಕ್ಕೆ ಫೈಲ್ ಕ್ಯಾಶ್ ಮತ್ತು ಕರ್ನಲ್ ಸ್ಲ್ಯಾಬ್ (ಕರ್ನಲ್ ತನ್ನ ಕೆಲಸಕ್ಕೆ ಹಿಡಿದ ಮೆಮೊರಿ) ಕೂಡ ಸೇರುತ್ತವೆ. ಲಾಗ್ ಫೈಲ್ ಓದುವ ಏಜೆಂಟ್ ಆದರೆ ಓದಿದ್ದೆಲ್ಲ ಕ್ಯಾಶ್ ಆಗಿ ಅದರ ಹೆಸರಿಗೇ ಬರೆಯಲ್ಪಡುತ್ತದೆ. ಸಿಗ್ರೂಪ್‌ನ ಮೆಮೊರಿ ಸ್ಟಾಟ್ ಫೈಲ್‌ನಲ್ಲಿ ಅನಾನ್, ಫೈಲ್, ಸ್ಲ್ಯಾಬ್ ಬೇರೆ ಬೇರೆ ಇವೆ. ಅನಾನ್ ಏರದಿದ್ದರೆ ಹೀಪ್ ಹುಡುಕಿ ಸಮಯ ಕಳೆಯಬೇಡಿ. ಸ್ಲ್ಯಾಬ್ ಏರುತ್ತಿದ್ದರೆ ಟೂಲ್ ಇಲ್ಲದ ಫೈಲ್‌ಗಳನ್ನು ಪ್ರತಿ ಸುತ್ತಿಗೂ ಹೊಸ ಹೊಸ ಹೆಸರಿನಲ್ಲಿ ಹುಡುಕುತ್ತಿದೆಯೇ ನೋಡಿ. “ಈ ಹೆಸರಿನ ಫೈಲ್ ಇಲ್ಲ” ಎಂಬುದನ್ನೂ ಕರ್ನಲ್ ನೆನಪಿಟ್ಟುಕೊಳ್ಳುತ್ತದೆ. ಈ ಮೆಮೊರಿಯನ್ನು ಒತ್ತಡ ಬಂದಾಗ ಕರ್ನಲ್ ತಾನೇ ಬಿಡಿಸಿಕೊಳ್ಳುತ್ತದೆ.

## ಗೋ ಅಥವಾ ಪೈಥಾನ್‌ನಲ್ಲಿ ಗಾರ್ಬೇಜ್ ಕಲೆಕ್ಟರ್ ಇದೆಯಲ್ಲ, ಅಲ್ಲೂ ಸೋರುತ್ತದೆಯೇ?

“ಸ್ಟಿಲ್ ರೀಚಬಲ್” ಬಗೆ ಅಲ್ಲೂ ಹಾಗೇ ಇರುತ್ತದೆ. ಪಾಯಿಂಟರ್ ಇರುವುದನ್ನು ಗಾರ್ಬೇಜ್ ಕಲೆಕ್ಟರ್ (ಬಳಕೆ ಮುಗಿದ ಮೆಮೊರಿಯನ್ನು ತಾನೇ ಬಿಡಿಸುವ ಭಾಗ) ಮುಟ್ಟುವುದಿಲ್ಲ.

ಗೋನಲ್ಲಿ ಮೊದಲು ಗೋರೂಟಿನ್ (ಗೋ ಭಾಷೆಯ ಹಗುರವಾದ ಥ್ರೆಡ್) ಸಂಖ್ಯೆ ನೋಡಿ. ಒಂದೊಂದೂ ಕನಿಷ್ಠ 2 ಕೆಬಿ ಸ್ಟ್ಯಾಕ್ ಹಿಡಿಯುತ್ತದೆ, ಜೊತೆಗೆ ಅದು ಹಿಡಿದಿರುವ ವಸ್ತುಗಳು. ಟೈಮ್‌ಔಟ್ ಇಲ್ಲದ ನೆಟ್‌ವರ್ಕ್ ಕರೆ, ಯಾರೂ ಓದದ ಚಾನೆಲ್‌ಗೆ ಕಳಿಸುತ್ತಾ ನಿಂತಿರುವುದು ಇಲ್ಲಿನ ಮಾಮೂಲಿ ಕಾರಣಗಳು. ಆಮೇಲೆ ಗೋನ ಪ್ರೊಫೈಲಿಂಗ್ ಟೂಲ್ ಪಿಪ್ರಾಫ್‌ನಿಂದ ಎರಡು ಹೀಪ್ ಪ್ರೊಫೈಲ್ ತೆಗೆದು ವ್ಯತ್ಯಾಸ ನೋಡಿ, “ಇನ್ಯೂಸ್” ಅಂಕಿಯನ್ನೇ ನೋಡಿ. “ಅಲಾಕ್” ಅಂಕಿ ಶುರುವಿನಿಂದ ಇಲ್ಲಿಯವರೆಗಿನ ಒಟ್ಟು, ಅದು ಏರಲೇಬೇಕು. ಗಾರ್ಬೇಜ್ ಕಲೆಕ್ಟರ್ ಎಷ್ಟು ಬೇಗ ಓಡಬೇಕೆಂದು ಹೇಳುವ ಜಿಒಜಿಸಿ 100 ಇದ್ದಾಗ ಹೀಪ್ ಜೀವಂತ ವಸ್ತುಗಳ ಎರಡು ಪಟ್ಟಿನವರೆಗೆ ಬೆಳೆಯುವುದು ಸಹಜ.

ಪ್ರೊಮೀಥಿಯಸ್ (ಮೆಟ್ರಿಕ್‌ಗಳನ್ನು ಕೂಡಿಡುವ ವ್ಯವಸ್ಥೆ) ಕ್ಲೈಂಟ್ ಲೈಬ್ರರಿ ಬಳಸುವವರು ಲೇಬಲ್‌ಗಳ ಮೇಲೆ ಕಣ್ಣಿಡಬೇಕು. ಲೇಬಲ್ ಬೆಲೆಗಳ ಪ್ರತಿ ಜೋಡಣೆಯೂ, ನೀವೇ ಅಳಿಸುವವರೆಗೆ, ಮೆಮೊರಿಯಲ್ಲಿ ಒಂದು ಸೀರೀಸ್. ಪಿಐಡಿ ಅಥವಾ ಕಂಟೇನರ್ ಐಡಿಯನ್ನು ಲೇಬಲ್ ಮಾಡಿದರೆ ಏಜೆಂಟೂ ಬೆಳೆಯುತ್ತದೆ, ಅದರ ಅಂಕಿಗಳನ್ನು ಕೂಡಿಡುವ ಸರ್ವರ್ ಕೂಡ ಬೆಳೆಯುತ್ತದೆ.

ಪೈಥಾನ್‌ನಲ್ಲಿ ಮೆಮೊರಿ ಎಲ್ಲಿ ಹಿಡಿಯಲಾಯಿತೆಂದು ತೋರಿಸುವ ಟ್ರೇಸ್‌ಮ್ಯಾಲಾಕ್ ಇದೆ, 3.4ರಿಂದ. 25 ಫ್ರೇಮ್ ಆಳ ಇಟ್ಟು, ಎರಡು ಸ್ನ್ಯಾಪ್‌ಶಾಟ್ ಹೋಲಿಸಿ. ಅಲ್ಲಿ ಏನೂ ಕಾಣದೆ ಆರ್‌ಎಸ್‌ಎಸ್ ಏರುತ್ತಿದ್ದರೆ ತಪ್ಪು ಯಾವುದೋ ಸಿ ಎಕ್ಸ್‌ಟೆನ್ಶನ್ ಒಳಗಿರಬಹುದು, ಮೇಲೆ ಹೇಳಿದ ಮೆಮ್‌ಲೀಕ್ ಕಡೆಗೆ ಹೋಗಿ.

## ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಲದೇ?

ಕಾರಣ ಸಿಗುವವರೆಗೆ ಸಾಕು. ಸಿಸ್ಟಂಡಿಯಲ್ಲಿ ಓಟದ ಗರಿಷ್ಠ ಸಮಯ ಕೊಟ್ಟರೆ ಆ ಹೊತ್ತಿಗೆ ಸರ್ವೀಸ್ ವಿಫಲ ಎಂದು ಗುರುತಾಗಿ ನಿಲ್ಲುತ್ತದೆ, ವಿಫಲವಾದಾಗ ರೀಸ್ಟಾರ್ಟ್ ಎಂಬ ಆಯ್ಕೆ ಅದನ್ನು ಮತ್ತೆ ಎಬ್ಬಿಸುತ್ತದೆ. ಅದರ ಜೊತೆಗೆ ಮೆಮೊರಿಯ ಗರಿಷ್ಠ ಮಿತಿಯನ್ನು ಖಂಡಿತ ಹಾಕಿ. ಮಿತಿ ಇಲ್ಲದಿದ್ದರೆ ಯಂತ್ರವಿಡೀ ಮೆಮೊರಿ ಮುಗಿದಾಗ ಕರ್ನಲ್‌ನ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಹೆಚ್ಚು ಮೆಮೊರಿ ಹಿಡಿದವರನ್ನು ಕೊಲ್ಲುತ್ತದೆ, ಮತ್ತು ಅದು ನಿಮ್ಮ ಏಜೆಂಟ್ ಆಗಿರದೆ ಡೇಟಾಬೇಸ್ ಆಗಿರಬಹುದು. ಏಜೆಂಟ್‌ಗೆ ಓಓಎಂ ಅಂಕ ಮೈನಸ್ 1000 ಕೊಟ್ಟು ಕಾಪಾಡುವ ಅಭ್ಯಾಸ ಇಲ್ಲಿ ಅಪಾಯಕಾರಿ: ಸೋರುವವನು ಉಳಿದು ಪಕ್ಕದವನು ಸಾಯುತ್ತಾನೆ.

ರೀಸ್ಟಾರ್ಟ್‌ಗೆ ಮೊದಲು ಸ್ಟೇಟಸ್ ಫೈಲ್, ಎಫ್‌ಡಿ ಎಣಿಕೆ, ಸಾಧ್ಯವಾದರೆ ಕೋರ್ ತೆಗೆದಿಡಿ. ಸಾಕ್ಷಿ ಇರುವುದು ಆ ದೊಡ್ಡದಾದ ಪ್ರಾಸೆಸ್‌ನಲ್ಲೇ.

## ಸರಿಪಡಿಸಿದ್ದು ನಿಜಕ್ಕೂ ಸರಿಯಾಗಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಹಳೆಯದು ಹೊಸದು ಎರಡೂ ಬಿಲ್ಡ್‌ಗಳನ್ನು ಒಂದೇ ಯಂತ್ರದಲ್ಲಿ, ಒಂದೇ ಕಾನ್ಫಿಗ್‌ನಲ್ಲಿ, 1 ಸೆಕೆಂಡ್ ಅಂತರದಲ್ಲಿ ಪಕ್ಕಪಕ್ಕ ಓಡಿಸಿ. ಹಳೆಯದು ಏರದಿದ್ದರೆ ನಿಮ್ಮ ಪರೀಕ್ಷೆಯೇ ಸೋರಿಕೆಯನ್ನು ಮುಟ್ಟುತ್ತಿಲ್ಲ, ಹೊಸದು ಚಪ್ಪಟೆಯಾಗಿ ಕಂಡರೂ ಅದಕ್ಕೆ ಬೆಲೆಯಿಲ್ಲ. ಏರಿಕೆ ಕಡಿಮೆಯಾಗಿದೆ, ಆದರೆ ಸೊನ್ನೆಯಾಗಿಲ್ಲ ಎಂದರೆ ಎರಡನೆಯ ಸೋರಿಕೆ ಇದೆ. ಘಟನೆಗೆ ಎಷ್ಟು ಬೈಟ್ ಎಂದು ಮತ್ತೆ ಲೆಕ್ಕ ಹಾಕಿ, ಈ ಸಲ ಬೇರೆ ಅಂಕಿ ಬರುತ್ತದೆ.

ಪರೀಕ್ಷಾ ಕೋಡ್‌ಗೂ ಇದನ್ನು ಸೇರಿಸಿ. ಬಿಸಿಯೇರಲು 1,000 ಸುತ್ತು ಓಡಿಸಿ, ಬಳಕೆಯಲ್ಲಿರುವ ಹೀಪ್ ಬೈಟ್‌ಗಳನ್ನು ಬರೆದಿಟ್ಟುಕೊಳ್ಳಿ, ಇನ್ನೂ 10,000 ಸುತ್ತು ಓಡಿಸಿ, ಮತ್ತೆ ನೋಡಿ. ಪ್ರಾಸೆಸ್ ಪಟ್ಟಿಯನ್ನು ಸ್ಥಿರವಾದ ನಕಲಿ ಡೈರೆಕ್ಟರಿಯಿಂದ ಓದಿಸಿದರೆ ವ್ಯತ್ಯಾಸ ಸೊನ್ನೆಯೇ ಬರಬೇಕು. ಆಮೇಲೆ ಆ ಡೈರೆಕ್ಟರಿಯಿಂದ ಫೈಲ್‌ಗಳನ್ನು ನಡುನಡುವೆ ಅಳಿಸುತ್ತಾ ಅದೇ ಪರೀಕ್ಷೆ ಮಾಡಿ, ಎರರ್ ದಾರಿಗಳು ಆಗಲೇ ಓಡುವುದು.

## ಟೂಲ್ ನಮ್ಮದಲ್ಲ. ಬರೆದವರಿಗೆ ಏನೇನು ಕಳಿಸಬೇಕು?

ಆವೃತ್ತಿ, ಕರ್ನಲ್ ಮತ್ತು ಜಿಲಿಬ್‌ಸಿ ಆವೃತ್ತಿ, ಆನ್ ಇರುವ ಕಲೆಕ್ಟರ್‌ಗಳ ಪಟ್ಟಿ, ಸ್ಯಾಂಪಲ್ ಅಂತರ, ಯಂತ್ರದಲ್ಲಿ ಎಷ್ಟು ಪ್ರಾಸೆಸ್, ಅವು ಎಷ್ಟು ಬೇಗ ಹುಟ್ಟಿ ಸಾಯುತ್ತವೆ, ಪಿಐಡಿ ಮಿತಿ, 24 ಗಂಟೆಯ ಗ್ರಾಫ್‌ನ ಅಂಕಿಗಳು. ಅಂತರ ಬದಲಿಸಿದಾಗ ಓರೆ ಬದಲಾಯಿತೋ ಇಲ್ಲವೋ ಎಂಬ ಒಂದು ಸಾಲನ್ನು ಖಂಡಿತ ಸೇರಿಸಿ. ಮೆಮೊರಿ ತುಂಬಿದೆ ಎಂಬ ಸ್ಕ್ರೀನ್‌ಶಾಟ್ ಒಂದರಿಂದ ಬರೆದವರಿಗೆ ಎಲ್ಲಿ ಹುಡುಕಬೇಕೆಂದು ತಿಳಿಯುವುದಿಲ್ಲ. ಈ ಒಂದು ಸಾಲಿನಿಂದ ತಿಳಿಯುತ್ತದೆ.